ಒಂದು ವಾರ ನನ್ನದು, ಒಂದು ವಾರ ವಿನ್ಯಾನದು

ಕಳೆದ ವಾರ ಜೋಗೇಶ್ವರಿಯ ಪೆಟ್ರೋಲ್ ಪಂಪಿನಲ್ಲಿ ಅಪ್ಪನ ಸ್ಕೂಟರಿಗೆ ಪಿಯುಸಿ ಮಾಡಿಸಲು ನಿಂತಿದ್ದೆ. ಪಿಯುಸಿ ಅಂದರೆ ಊರ ಕಡೆಯವರು ಕಾಲೇಜು ಅಂದುಕೊಳ್ಳುತ್ತಾರೆ. ಮುಂಬೈಯಲ್ಲಿ ಅದು ಗಾಡಿಯ ಹೊಗೆ ತಪಾಸಣೆಯ ಸರ್ಟಿಫಿಕೇಟು. ನನ್ನ ಮುಂದೆ ಒಂದು ಸ್ಪೋರ್ಟ್ಸ್ ಬೈಕ್ ನಿಂತಿತ್ತು. ಸೀಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಒಳಗಿಂದ ಒಂದು ವೈರು ಹೊರಟು ಲ್ಯಾಪ್‌ಟಾಪಿಗೆ ಸೇರಿತ್ತು. ಲ್ಯಾಪ್‌ಟಾಪು ಹಿಡಿದವನು ಏನೋ ಒತ್ತಿದ, ಇಂಜಿನ್ನಿನ ಸದ್ದು ತೆಳ್ಳಗಾಯಿತು, ಹಿಂದಿನಿಂದ ಬಂದ ಗಾಳಿಗೆ ಪೆಟ್ರೋಲಿನ ವಾಸನೆಯೇ ಇರಲಿಲ್ಲ. ಬರೀ ಕಾದ ಕಬ್ಬಿಣದ ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ನನ್ನ ತಲೆ ಕೆಟ್ಟಿತು.

"ಪಾಸ್!" ಎಂದು ಇಬ್ಬರೂ ಕೈ ತಟ್ಟಿಕೊಂಡರು.

ಸುಮ್ಮನಿರಬಹುದಿತ್ತು. ಇರಲಿಲ್ಲ. ಪಾಸಿಗಾಗಿ ಪೆಟ್ರೋಲು ಕಡಿದಿದ್ದಾರೆ ಎಂದು ಗೊತ್ತಾಗಿತ್ತು, ಹೋಗಿ ಕೇಳಿದೆ, "ಅಸಲಿ ಮ್ಯಾಪ್ ಕಬ್ ವಾಪಸ್ ಡಾಲೋಗೇ?"

"ಕಲ್, ಪರ್ಸೋಂ. ಕ್ಯಾ ಜಲ್ದೀ ಹೈ ಭಾಯ್?"

ಏನು ಅವಸರ ಅಂತೆ! ನಾನು ಅಲ್ಲೇ ಕೂಗಾಡಿದೆ. ಈಗಲೇ ಹಾಕು, ಇಲ್ಲೇ ಹಾಕು, ಹಾಕದೆ ಗೇಟು ದಾಟಬೇಡ ಎಂದೆ. ಪಂಪಿನವನು ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಬೈಕಿನವನು ಹುಚ್ಚನನ್ನು ನೋಡುವ ಹಾಗೆ ನೋಡಿ ಹೊರಟುಹೋದ. ಮನೆಗೆ ಬಂದರೂ ಅದೇ ತಲೆಯಲ್ಲಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದಿನ ಆ ಮಳೆಗಾಲದ ಸಿಟ್ಟು ನನ್ನಲ್ಲಿ ಇನ್ನೂ ಹಾಗೇ ಇದೆ, ಒಂದು ಡಿಗ್ರಿಯೂ ಇಳಿದಿಲ್ಲ.

ವಿನಾಯಕ, ಅಂದರೆ ವಿನ್ಯಾ, ನನಗೆ ಸಿಕ್ಕಿದ್ದು ಬೊರಿವಲಿಯ ಡಿಪ್ಲೊಮಾ ಕಾಲೇಜಿನಲ್ಲಿ. ಮೊದಲ ವರ್ಷದ ಫಿಟ್ಟಿಂಗ್ ಕ್ಲಾಸಿನಲ್ಲಿ ಪಕ್ಕದವನೊಬ್ಬ ಬೆರಳಿಗೆ ಸುತ್ತಿಗೆ ಬಡಿದುಕೊಂಡು, "ಎವ್ವಾ, ಬಟ್ಟ ಹೋತಲೇ!" ಎಂದು ಕೂಗಿದ. ಇಡೀ ಕ್ಲಾಸು ಮರಾಠಿಯಲ್ಲೂ ಹಿಂದಿಯಲ್ಲೂ ಬೈದುಕೊಳ್ಳುವಾಗ ಕನ್ನಡದಲ್ಲಿ ನೋವು ಮಾಡಿಕೊಂಡವನು ಅವನೊಬ್ಬನೇ. ನಾನು ನಕ್ಕೆ. ಅವನು ಬೆರಳು ಬಾಯಲ್ಲಿಟ್ಟುಕೊಂಡೇ ತಿರುಗಿದ: "ನಗ್ತಿ? ಯಾ ಊರವಲೇ ನೀ?" ನಮ್ಮದು ವಿಜಯಪುರ ಕಡೆ, ಅವರದು ಬೆಳಗಾವಿ. ನಾನು ಜೋಗೇಶ್ವರಿ, ಅವನು ಮುಲುಂಡ್. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಇಷ್ಟು ದೂರ ಬರುತ್ತಿದ್ದ. ಅವತ್ತಿನಿಂದ ನನ್ನ ಡಬ್ಬಿಯ ಚಪಾತಿ ಅವನಿಗೆ, ಅವನ ಡಬ್ಬಿಯ ಜೋಳದ ರೊಟ್ಟಿ ನನಗೆ.

ಓದು ಮುಗಿದ ಮೇಲೆ ಅವನು ಒಂದು ಲಿಫ್ಟ್ ಕಂಪನಿಯಲ್ಲಿ ಕಾಂಟ್ರ್ಯಾಕ್ಟಿನ ಮೇಲೆ ಟೆಕ್ನಿಶಿಯನ್ ಆದ. ನಾನು ಜೋಗೇಶ್ವರಿಯಲ್ಲೇ ಒಂದು ಪ್ಲಾಸ್ಟಿಕ್ ಯೂನಿಟ್ಟಿನಲ್ಲಿ ಮಾಲು ತಪಾಸಣೆಗೆ ಸೇರಿದೆ. ಇಬ್ಬರಿಗೂ ಒಂದೇ ಹುಚ್ಚು, ಒಬ್ಬರಿಂದ ಆಗದ ಹುಚ್ಚು. ಹಾಗಾಗಿ ಇಬ್ಬರೂ ಸೇರಿ ಒಂದೇ ಬೈಕ್ ಕೊಂಡೆವು. ಸೆಕೆಂಡ್ ಹ್ಯಾಂಡ್, ಎರಡು ಸಿಲಿಂಡರ್, ಕಪ್ಪು ಬಣ್ಣ, ಟ್ಯಾಂಕಿನ ಎಡಗಡೆ ಹಳೆಯ ಗೀರು. ಒಂದು ವಾರ ನನ್ನದು, ಒಂದು ವಾರ ಅವನದು.

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಪೊವಾಯಿಯ ಹತ್ತಿರ ರಸ್ತೆಬದಿಯ ಚಹಾದ ಟಪರಿಯಲ್ಲಿ ಕೈ ಬದಲಾಗುತ್ತಿತ್ತು. ಅದು ನಮ್ಮಿಬ್ಬರ ಮನೆಗೂ ಸರಿಸುಮಾರು ನಡುವೆ. ನಮ್ಮ ಕಾನೂನು ಎರಡೇ. ಕೊಡುವವನು ಆ ವಾರ ಗಾಡಿಗೆ ಏನಾಯಿತು ಎಂದು ಹೇಳಬೇಕು: ಚೈನು ಸಡಿಲ, ಬ್ರೇಕು ಕಿರ್ರೆನ್ನುತ್ತಿದೆ, ಹೀಗೆ. ತೆಗೆದುಕೊಳ್ಳುವವನು ಗಾಡಿಯನ್ನು ನೆಟ್ಟಗೆ ಹಿಡಿದು, ಇಂಜಿನ್ನಿನ ಕೆಳಗಿನ ಸಣ್ಣ ಗಾಜಿನ ಕಿಂಡಿಯಲ್ಲಿ ಆಯಿಲ್ ಎಷ್ಟಿದೆ ನೋಡಬೇಕು. ಆಮೇಲೆ ಚಹಾ. ಚಹಾ ಕುಡಿದು ಒಬ್ಬ ಬೈಕಿನಲ್ಲಿ, ಇನ್ನೊಬ್ಬ ಬಸ್ಸಿನಲ್ಲಿ.

ಜಗಳ ಶುರುವಾದದ್ದು ಗಾಡಿಯ ತಾಕತ್ತು ಹೆಚ್ಚಿಸುವ ವಿಷಯಕ್ಕೆ. ಏನು ಮೊದಲು ಹಾಕುವುದು?

"ಮೊದಲ ಸೈಲೆನ್ಸರ್," ಎಂದ ವಿನ್ಯಾ.

"ಮೊದಲ ಪೆಟ್ರೋಲ್ ಅಳತಿ," ಎಂದೆ ನಾನು.

"ನಿನ್ನ ಅಳತಿ ಯಾರಿಗೆ ಕಾಣ್ತೈತಿ? ಸೈಲೆನ್ಸರ್ ಆದ್ರ ಇಡೀ ಮುಲುಂಡಿಗೆ ಕೇಳ್ತೈತಿ."

"ಕೇಳ್ತೈತಿ. ಪೊಲೀಸ್ರಿಗೂ ಕೇಳ್ತೈತಿ."

ನಾನು ಇದನ್ನೆಲ್ಲ ಯಾರ ಹತ್ತಿರವೂ ಕುಳಿತು ಕಲಿತವನಲ್ಲ. ಲೋಕಲ್‌ನಲ್ಲಿ ನಿಂತು ಫೋನಿನಲ್ಲಿ ವಿಡಿಯೋ ನೋಡಿ, ಓದಿ, ಅರ್ಥವಾಗದ್ದನ್ನು ಮತ್ತೆ ಓದಿ ಕಲಿತದ್ದು. ಆದರೆ ಸರಿಯಾಗಿ ಕಲಿತಿದ್ದೆ. ವಿಷಯ ಇಷ್ಟೇ. ಇಂಜಿನ್ನು ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನಾಲ್ಕೂಮುಕ್ಕಾಲು ಪಾಲು ಗಾಳಿ ಸೇರಿಸಿ ಉರಿಸುತ್ತದೆ. ಆಕ್ಸಿಲರೇಟರ್ ತಿರುವಿ ಪೂರ್ತಿ ಎಳೆದಾಗ ಅದಕ್ಕೆ ಪೆಟ್ರೋಲು ಹೆಚ್ಚು ಬೇಕು, ಒಂದಕ್ಕೆ ಹದಿಮೂರರ ಹತ್ತಿರ ಬರಬೇಕು. ಯಾಕೆಂದರೆ ಪೆಟ್ರೋಲು ಉರಿಯುವುದಷ್ಟೇ ಅಲ್ಲ, ಒಳಗೆ ತಣಿಸುತ್ತದೆ ಕೂಡ. ಪೂರ್ತಿ ಎಳೆದಾಗ ಆ ಅಂಕಿ ಹದಿನೈದು, ಹದಿನಾರು ತೋರಿಸಿತು ಅಂದರೆ ಪಿಸ್ಟನ್ನು ಬೇಯುತ್ತಿದೆ ಎಂದು ಅರ್ಥ. ಹೊಸ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚು ಬರುತ್ತದೆ. ಸೈಲೆನ್ಸರ್ ಬದಲಿಸಿದರೆ ಇನ್ನೂ ಹೆಚ್ಚು. ಗಾಳಿ ಹೆಚ್ಚಿಸಿ ಪೆಟ್ರೋಲು ಹೆಚ್ಚಿಸದಿದ್ದರೆ ಅದು ಅಪ್‌ಗ್ರೇಡ್ ಅಲ್ಲ, ಕೊಲೆ. ಇದನ್ನು ನಾನು ವಿನ್ಯಾನಿಗೆ ಟಪರಿಯ ಬೆಂಚಿನ ಮೇಲೆ ಚಹಾ ಚೆಲ್ಲಿ, ಬೆರಳಿನಿಂದ ಗೆರೆ ಎಳೆದು ಹೇಳಿದ್ದೆ. ನೆನಪಿಡಿ. ನನಗೆ ಎಲ್ಲವೂ ಗೊತ್ತಿತ್ತು.

ಕೊನೆಗೆ ಒಪ್ಪಂದವಾಯಿತು. ಮೊದಲು ಏರ್ ಫಿಲ್ಟರ್, ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ಕಂಟ್ರೋಲರ್ ಡಬ್ಬಿ, ಹೊಗೆ ಕೊಳವೆಯಲ್ಲಿ ಗಾಳಿ-ಪೆಟ್ರೋಲಿನ ಅಂಕಿ ಬರೆದಿಡುವ ಸೆನ್ಸರ್. ಸೈಲೆನ್ಸರ್ ಆಮೇಲೆ, ಇಬ್ಬರೂ ಕೂತು ನೋಡಿ.

ಇದನ್ನು ಮಾಡಿಕೊಟ್ಟವನು ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಗಲ್ಲಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ, ಇಂಜಿನ್ನು ಹದ ಮಾಡುವ ಟ್ಯೂನರ್. ಹೆಸರು ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಅವನು 'ಮಾಸ್ಟರ್'. ಡಬ್ಬಿಯೊಳಗೆ ಯಾವ ವೇಗಕ್ಕೆ ಎಷ್ಟು ಪೆಟ್ರೋಲು ಎಂದು ಅಂಕಿಗಳ ಒಂದು ಕೋಷ್ಟಕ ಇರುತ್ತದೆ, ಅದಕ್ಕೇ ಮ್ಯಾಪ್ ಅನ್ನುವುದು. ಮಾಸ್ಟರ್ ತನ್ನ ಮ್ಯಾಪಿಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿಯುತ್ತಿದ್ದ. ಬೇರೆಯವರು ಕದಿಯಬಾರದಂತೆ. ಗಾಡಿ ನಮ್ಮದು, ಡಬ್ಬಿ ನಮ್ಮದು, ಒಳಗಿನ ಅಂಕಿ ಮಾತ್ರ ಅವನದು. ಈ ದಂಧೆಯಲ್ಲಿ ಎಲ್ಲರೂ ಹಾಗೆಯೇ. ಆಗಲೇ ನನಗೆ ಮೈ ಉರಿದಿತ್ತು. ಆದರೂ ಗಾಡಿ ಎಷ್ಟು ಚೆನ್ನಾಗಿ ಎಳೆಯತೊಡಗಿತು ಅಂದರೆ, ಬಾಯಿ ಮುಚ್ಚಿಕೊಂಡೆ.

ಮೇ ತಿಂಗಳ ಒಂದು ಭಾನುವಾರ ಟಪರಿಯಲ್ಲಿ ಕಾಯುತ್ತಿದ್ದೆ. ಗಾಡಿ ಕಾಣುವ ಮೊದಲೇ ಸದ್ದು ಬಂತು. ಚಹಾದವನು ಸೋಸುವುದನ್ನು ನಿಲ್ಲಿಸಿ ರಸ್ತೆ ನೋಡಿದ. ತಿರುವಿನಿಂದ ವಿನ್ಯಾ ಬಂದ, ಮುಖದ ತುಂಬ ನಗು. ಅವನ ವಾರದಲ್ಲಿ, ನನಗೆ ಒಂದು ಮಾತು ಹೇಳದೆ, ಸೈಲೆನ್ಸರ್ ಬದಲಿಸಿದ್ದ.

"ಹೆಂಗೈತಿ?"

"ಯಾರನ್ನ ಕೇಳಿ ಹಾಕಿದಿ?"

"ನನ್ನ ವಾರಲೇ ಅದು."

"ಇಂಜಿನ್ ಏನ್ ವಾರ ನೋಡಿ ಬೇಯ್ತೈತೇನು? ಗಾಳಿ ಹೆಚ್ಚಾತು, ಪೆಟ್ರೋಲ್ ಯಾರಪ್ಪ ಹೆಚ್ಚ ಮಾಡ್ಯಾನ?"

"ಮಾಸ್ಟರ್ ಕಡೆ ಒಯ್ದ್ರ ಆತು. ನೀ ಭಾಳ ಶಾಣ್ಯಾ ಆಗಬ್ಯಾಡ ಸಂತ್ಯಾ. ಫೋನ್ ನೋಡಿ ಇಂಜಿನಿಯರ್ ಆದಾಂವ ನೀ."

ಚಹಾದವನ ಮುಂದೆ ಅಂದ. ನಾನು ಚಹಾ ಕುಡಿಯದೆ ಕೀಲಿ ಕಸಿದುಕೊಂಡು ಹೊರಟೆ.

ಆ ವಾರ ನನ್ನದು. ಅದೇ ವಾರ ಪಿಯುಸಿ ಮುಗಿಯುತ್ತಿತ್ತು. ಗುರುವಾರ ಪಂಪಿಗೆ ಒಯ್ದರೆ ಫೇಲ್. ಮಾಸ್ಟರಿನ ಮ್ಯಾಪಿನಲ್ಲಿ ಗಾಡಿ ನಿಂತಲ್ಲಿ, ಅಂದರೆ ಐಡಲಿನಲ್ಲಿ, ಉರಿಯುವಾಗ ಪೆಟ್ರೋಲು ಹೆಚ್ಚು ಕುಡಿದು ಹೊಗೆ ಹೆಚ್ಚು ಬಿಡುತ್ತಿತ್ತು. ತಪಾಸಣೆ ಮಾಡುವುದು ನಿಂತಲ್ಲಿಯೇ. ಶುಕ್ರವಾರ ಸಂಜೆ ಮಾಸ್ಟರಿನ ಹತ್ತಿರ ಹೋಗಿ ಎರಡೂ ಹೇಳಿದೆ: ಹೊಸ ಸೈಲೆನ್ಸರಿಗೆ ಪೆಟ್ರೋಲು ಕೂಡಿಸಬೇಕು, ಮತ್ತು ಪಿಯುಸಿ ಪಾಸಾಗಬೇಕು.

"ಪಹಲೇ ಪಿಯುಸಿ ನಿಕಾಲ್," ಎಂದ ಮಾಸ್ಟರ್. "ಟ್ಯೂನ್ ಬಾದ್ ಮೇಂ." ಪೆಟ್ರೋಲು ಕೂಡಿಸುವುದು ಆಮೇಲೆ ಅಂತೆ.

ಲ್ಯಾಪ್‌ಟಾಪು ತೆಗೆದ. ನಾನು ಹೆಗಲ ಹಿಂದೆ ನಿಂತು ನೋಡುತ್ತಿದ್ದೆ. ಕೋಷ್ಟಕದ ಮೂಲೆಯಲ್ಲಿ ನಿಂತಲ್ಲಿ ಉರಿಯುವ ನಾಲ್ಕೈದು ಮನೆಗಳಿರುತ್ತವೆ. ಅವನ್ನಷ್ಟೇ ಇಳಿಸಿದರೆ ಸಾಕು. ಅವನು ಇಡೀ ಕೋಷ್ಟಕವನ್ನು ಒಂದೇ ಸಲ ಹಿಡಿದು, ಎಲ್ಲದರಿಂದ ನೂರಕ್ಕೆ ಹದಿನೈದು ಕಡಿದ.

"ಸರ್, ಸಿರ್ಫ್ ಐಡಲ್ ಕಾ ಕಮ್ ಕರೋ ನಾ. ಪೂರಾ ಕ್ಯೂಂ?"

"ತೂ ಮುಝೇ ಸಿಖಾಯೇಗಾ? ದಿನ್ ಮೇಂ ದಸ್ ಕರ್ತಾ ಹೂಂ ಐಸಾ. ಪಾಸ್ ಕರಾ, ಕಲ್ ಲೇಕೇ ಆ, ಅಸಲಿ ಡಾಲ್ ದೂಂಗಾ."

ಪಾಸಾಯಿತು. ಅಸಲಿ ಮ್ಯಾಪ್ ಮತ್ತೆ ಹಾಕಿಸಲು ಶನಿವಾರ ಹೋದರೆ ಗ್ಯಾರೇಜಿನ ಶಟರ್ ಕೆಳಗಿತ್ತು. ಫೋನು ಎತ್ತಲಿಲ್ಲ.

ಭಾನುವಾರ ಏಳಕ್ಕೆ ಟಪರಿ. ಬಿಸಿಲು ಆಗಲೇ ಕುತ್ತಿಗೆಗೆ ಬಡಿಯುತ್ತಿತ್ತು. ವಿನ್ಯಾ ಬೆಂಚಿನ ಆ ತುದಿಗೆ, ನಾನು ಈ ತುದಿಗೆ. ಅವನೇ ಕೇಳಿದ, ನನ್ನ ಕಡೆ ನೋಡದೆ:

"ಏನರ ಹೇಳೂದೈತೇನು?"

ಕಾನೂನಿನ ಪ್ರಕಾರ ಕೇಳಿದ್ದ. ಕೊಡುವವನು ಹೇಳಬೇಕು.

"ಏನಿಲ್ಲ," ಎಂದೆ.

ಕೀಲಿಯನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟೆ. ಅವನು ಎತ್ತಿಕೊಂಡ. ಅವನಿಗೂ ಸಿಟ್ಟಿತ್ತು, ಬಗ್ಗಿ ಆಯಿಲ್ ನೋಡಲಿಲ್ಲ. ಹೊರಟೇಬಿಟ್ಟ.

ನಾನು ಮರೆತಿದ್ದೆನೇ? ಇಲ್ಲ. ಅದನ್ನು ಬರೆಯಲೇಬೇಕು. ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಇದು: ಪೆಟ್ರೋಲು ಕಡಿಮೆಯಾದ ಗಾಡಿ ಎಳೆಯುವುದಿಲ್ಲ, ಮಂಕಾಗಿರುತ್ತದೆ. ಒಂದು ವಾರ ಓಡಿಸಲಿ. ಸೈಲೆನ್ಸರ್ ಹಾಕಿ ಗಾಡಿ ಕೆಡಿಸಿದೆ ಎಂದು ಅವನಿಗೇ ಗೊತ್ತಾಗಲಿ. ತಾನಾಗಿ ಬಿಚ್ಚಲಿ. ಹೇಗಿದ್ದರೂ ಅವನು ಸ್ಟೇಷನ್ನಿಗೂ ಮನೆಗೂ ಓಡಿಸುವವನು, ಪೂರ್ತಿ ಎಳೆಯುವುದು ಎಲ್ಲಿ?

ಮಂಗಳವಾರ ಅವನ ಮೆಸೇಜು ಬಂತು: "ಗಾಡಿ ಎಳಿವಲ್ದು. ಪೂರ್ತಿ ತಿರುವಿದ್ರ ಅಷ್ಟ ಹೊಕ್ಕೈತಿ."

ಅದೇ ಹೊತ್ತಿಗೆ ಹೇಳಬಹುದಿತ್ತು. ಪೂರ್ತಿ ತಿರುವಬೇಡ, ಎರಡೇ ಪದ. ನಾನು ಬರೆದದ್ದು: "ನಿನ್ನ ಸೈಲೆನ್ಸರಿಗೆ ಕೇಳು."

ಶನಿವಾರ ಬೆಳಿಗ್ಗೆ ವಿನ್ಯಾನ ಅವ್ವನ ಫೋನು ಬಂತು. ನಾನು ಅವರನ್ನು ಕಾಕು ಅನ್ನುತ್ತೇನೆ. "ಸಂತೂ, ನಿನ್ನ ದೋಸ್ತ ಬಿದ್ದಾನ. ನೀ ಲಗೂನ ಬಾ. ನಮಗ ಇಲ್ಲಿ ಏನೂ ತಿಳಿವಲ್ದು."

ಠಾಣೆ ಊರಿನ ಒಂದು ಕಟ್ಟಡಕ್ಕೆ ಲಿಫ್ಟ್ ರಿಪೇರಿಗೆ ಹೊರಟಿದ್ದನಂತೆ. ಹೈವೇ ಖಾಲಿ. ಎಳೆಯದ ಗಾಡಿಯನ್ನು ಪೂರ್ತಿ ತಿರುವಿ ಹಿಡಿದಿದ್ದಾನೆ. ಇಂಜಿನ್ನು ಓಡುತ್ತಾ ಓಡುತ್ತಾ ಬಿಗಿದುಕೊಂಡು ಹಿಂದಿನ ಚಕ್ರವನ್ನೂ ಹಿಡಿದುಬಿಟ್ಟಿದೆ. ಕ್ಲಚ್ಚು ಒತ್ತುವಷ್ಟರಲ್ಲಿ ಅವನು ಡಾಂಬರಿನ ಮೇಲೆ ಜಾರುತ್ತಿದ್ದ. ಹಿಂದೆ ಬೇರೆ ಗಾಡಿ ಇರಲಿಲ್ಲ, ಉಳಿದ. ಎಡ ಭುಜದ ಎಲುಬು ಮುರಿದಿತ್ತು, ಮೊಣಕೈಯಿಂದ ಕೆಳಗೆ ಚರ್ಮ ಕಿತ್ತಿತ್ತು. ಆಸ್ಪತ್ರೆಯ ಮಂಚದ ಮೇಲಿಂದ ಅವನು ಕೇಳಿದ ಮೊದಲ ಮಾತು:

"ಗಾಡಿ ಹೆಂಗೈತಿ?"

ಕಾಕು ಅವನ ತಲೆಗೆ ಒಂದು ಕೊಟ್ಟರು. "ನಿನ್ನ ಗಾಡಿಗೆ ಬೆಂಕಿ ಹಚ್ಚಲಿ."

ಮೊದಲ ಮಳೆ ಬಿದ್ದ ದಿನ ಮಾಸ್ಟರಿನ ಗ್ಯಾರೇಜಿನಲ್ಲಿ ಇಂಜಿನ್ನು ಬಿಚ್ಚಿದರು. ಗಲ್ಲಿಯ ನೀರು ಹೊಸ್ತಿಲವರೆಗೆ ಬಂದಿತ್ತು, ಬೈಕಿನ ಹುಚ್ಚಿನ ನಾಲ್ಕೈದು ಹುಡುಗರು ನೋಡಲು ಸೇರಿದ್ದರು. ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಒಡೆದ ತೂತಲ್ಲ, ಅಂಚು ಮೇಣದ ಹಾಗೆ ಕರಗಿ ಇಳಿದಿತ್ತು. ಆಯಿಲ್ ಕೊರತೆಯಿಂದ ಕೆಟ್ಟ ಪಿಸ್ಟನ್ನು ಬದಿಯಲ್ಲಿ ಉಜ್ಜಿ ಗೀರಾಗಿರುತ್ತದೆ. ನೆತ್ತಿ ಕರಗುವುದು ಶಾಖಕ್ಕೆ, ಪೆಟ್ರೋಲಿಲ್ಲದ ಶಾಖಕ್ಕೆ. ಮಾಸ್ಟರ್ ಅದನ್ನು ಒಂದು ಕ್ಷಣ ನೋಡಿದ, ಚಿಂದಿ ಬಟ್ಟೆ ಮುಚ್ಚಿದ. ಆಮೇಲೆ ಕೆಳಗಿನ ಆಯಿಲ್ ತೆಗೆದು ಅಳೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಆಯಿಲ್ ಆಧಾ ಭೀ ನಹೀ ಹೈ. ಲಡ್ಕೇ ನೇ ದೇಖಾ ಹೀ ನಹೀ."

ಹುಡುಗ ಆಯಿಲ್ ನೋಡಲೇ ಇಲ್ಲ ಅಂತೆ! ಪಿಸ್ಟನ್ನು ತೂತಾದ ಮೇಲೆ ಒತ್ತಡಕ್ಕೆ ಆಯಿಲ್ ಹೊರಗೆ ಚಿಮ್ಮಿ ಹೋಗುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಉಳಿದವರು ಹೊರಗೆ ಹೋದ ಮೇಲೆ ನಾನು ಬಟ್ಟೆ ಎತ್ತಿ ಪಿಸ್ಟನ್ನು ಅವನ ಮೂಗಿನ ಮುಂದೆ ಹಿಡಿದೆ. "ಯೇ ಆಯಿಲ್ ಸೇ ಹುವಾ? ಆಪ್‌ನೇ ಪಂದ್ರಾ ಪರ್ಸೆಂಟ್ ಕಾಟಾ ಥಾ. ಪೂರೇ ಟೇಬಲ್ ಸೇ. ಮೈಂನೇ ಬೋಲಾ ಥಾ."

ಮಾಸ್ಟರ್ ಕೈ ಒರೆಸಿಕೊಂಡ. ಸಿಟ್ಟೇ ಬರಲಿಲ್ಲ ಅವನಿಗೆ. "ಔರ್ ಮೈಂನೇ ಬೋಲಾ ಥಾ, ವಾಪಸ್ ಲಾ. ತೂ ಲಾಯಾ? ದೋಸ್ತ್ ಕೋ ಬತಾಯಾ? ಬೋಲ್. ಬೋಲ್ ನಾ."

ಶನಿವಾರ ಒಯ್ದಿದ್ದೆ, ಶಟರ್ ಮುಚ್ಚಿತ್ತು; ಆದರೆ ದೋಸ್ತನಿಗೆ ಮಾತ್ರ ಹೇಳಿರಲಿಲ್ಲ. ಅವನ ಹೆಸರು ಹೇಳಿದರೆ ನನ್ನ ಹೆಸರೂ ಹೊರಗೆ ಬರುತ್ತದೆ. ಅವನು ನಕ್ಕು ಪಿಸ್ಟನ್ನನ್ನು ನನ್ನ ಕೈಯಿಂದ ತೆಗೆದುಕೊಂಡ.

ಆ ರಾತ್ರಿ ನಮ್ಮ ಬೈಕ್‌ನವರ ವಾಟ್ಸಾಪ್ ಗ್ರೂಪಿನಲ್ಲಿ ಮಾಸ್ಟರ್ ಆಯಿಲ್ ಡಬ್ಬಿಯ ಫೋಟೋ ಹಾಕಿ, "ಬಚ್ಚೋಂ, ಆಯಿಲ್ ದೇಖಾ ಕರೋ" ಎಂದು ಬರೆದ. ಇನ್ನೂರು ಜನರ ಗ್ರೂಪು. ಎರಡು ದಿನದಲ್ಲಿ ವಿನ್ಯಾನ ಹೆಸರು 'ಆಯಿಲ್ ಭಾಯ್' ಆಯಿತು. ಒಬ್ಬ ಅಡುಗೆ ಎಣ್ಣೆಯ ಬಾಟಲಿಯ ಚಿತ್ರ ಹಾಕಿದ, ನಲವತ್ತು ಜನ ನಕ್ಕರು. ನಾನು ಆ ನಗುವನ್ನು ಒಂದೊಂದಾಗಿ ನೋಡಿದೆ. ಏನೂ ಬರೆಯಲಿಲ್ಲ. ಬೈಕಿನ ಸೆನ್ಸರ್ ಡಬ್ಬಿಯನ್ನು ಮಾತ್ರ ಬಿಚ್ಚಿ ಮನೆಗೆ ತಂದಿದ್ದೆ. ಅದರೊಳಗಿನ ಗ್ರಾಫ್ ತೆಗೆದು ನೋಡಿದೆ. ಆ ಶನಿವಾರ ಬೆಳಿಗ್ಗೆ, ಪೂರ್ತಿ ಎಳೆತದಲ್ಲಿ, ಹದಿನೈದೂಮುಕ್ಕಾಲು. ಗೆರೆ ಅಲ್ಲೇ ನೆಟ್ಟಗೆ ಹೋಗಿ ಹೋಗಿ, ಒಮ್ಮೆಲೇ ನಿಂತಿತ್ತು.

ಜೂನ್ ಕೊನೆಯ ಒಂದು ಭಾನುವಾರ, ಹಳಿಗಳ ಮೇಲೆ ನೀರು ನಿಂತು ಲೋಕಲ್‌ಗಳು ತಡವಾಗಿ ಓಡುತ್ತಿದ್ದ ದಿನ, ವಿನ್ಯಾ ನಮ್ಮ ಮನೆಗೆ ಬಂದ. ಒಂದು ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ, ಇನ್ನೊಂದರಲ್ಲಿ ಕೊಡೆ. ಆ ಭುಜ ಇಟ್ಟುಕೊಂಡು ದಾದರಿನಲ್ಲಿ ಲೋಕಲ್ ಬದಲಿಸಿ ಬಂದಿದ್ದ. ಅಪ್ಪ ಮಂಚದ ಮೇಲೆ ಪೇಪರು ಓದುತ್ತಿದ್ದರು. ವಿನ್ಯಾ ಕೂರಲಿಲ್ಲ.

"ಕಾಕಾ, ನಿಮ್ಮ ಮುಂದನೂ ಹೇಳಬೇಕು ನಾ. ಗಾಡಿ ಇಬ್ಬರದು. ನಾ ಆಯಿಲ್ ನೋಡ್ಲಿಲ್ಲ. ಸಿಟ್ಟಿನಾಗ ನೋಡ್ಲಿಲ್ಲ. ತಪ್ಪಾತು." ಒಂದೇ ಕೈ ಎದೆಗೆ ಹಚ್ಚಿ ತಲೆ ಬಗ್ಗಿಸಿದ. ಇನ್ನೊಂದು ಕೈ ಜೋಡಿಸಲು ಆಗುತ್ತಿರಲಿಲ್ಲ.

ಅಪ್ಪ ಪೇಪರು ಮಡಚಿದರು. "ಕಬ್ಬಿಣ ಹೋದ್ರ ಹೋಗ್ಲಿ ತಮ್ಮಾ. ನೀ ಉಳದಿ. ಕುಂದ್ರು ಮೊದಲ."

ನಾನು ಕಿಟಕಿಯ ಹತ್ತಿರ ಕೂತಿದ್ದೆ. ಅವನು ನನ್ನ ಕಡೆ ತಿರುಗಿದ, ಏನಾದರೂ ಅನ್ನಲಿ ಎಂದು. ನಾನು ಅಂದೆ. ಏನಂದೆ ಗೊತ್ತೇ?

"ಆಯಿಲ್ ನೋಡಬೇಕಿತ್ತಲೇ."

ಈ ಮಾತು ನನ್ನ ಬಾಯಿಂದಲೇ ಬಂತು. ಮಾಸ್ಟರನ್ನು ನಾನು ದಿನಕ್ಕೆ ಹತ್ತು ಸಲ ಬೈದುಕೊಳ್ಳುತ್ತಿದ್ದೆ, ಸುಳ್ಳ, ಕೊಲೆಗಡುಕ, ಲಾಕ್ ಹಾಕುವ ಕಳ್ಳ ಎಂದು. ಆದರೆ ಅವನ ಸುಳ್ಳನ್ನು ನಮ್ಮ ಮನೆಯೊಳಗೆ ತಂದು, ಅಪ್ಪನ ಮುಂದೆ, ಆ ಸುಳ್ಳಿಗೆ ಬಿದ್ದವನ ಮುಖಕ್ಕೇ ಹೇಳಿದವನು ನಾನು. ವಿನ್ಯಾ ತಲೆ ಅಲ್ಲಾಡಿಸಿ, "ಹೌದು," ಎಂದ. ಅಮ್ಮ ಕೊಟ್ಟ ಚಹಾ ಕುಡಿದು ಹೋದ.

ಜುಲೈಯಲ್ಲಿ ಅವನ ಕಾಂಟ್ರ್ಯಾಕ್ಟು ಮುಗಿಯಿತು. ಭುಜ ಎತ್ತಲಾಗದವನಿಗೆ ಲಿಫ್ಟಿನ ಕೆಲಸ ಯಾರು ಕೊಡುತ್ತಾರೆ, ಮುಂದುವರಿಸಲಿಲ್ಲ. ಮಳೆ ಬಿಡದೆ ಹೊಯ್ಯುತ್ತಿತ್ತು. ನಮ್ಮ ಯೂನಿಟ್ಟಿನ ಪತ್ರಾಸು ತಗಡಿನ ಮಾಡಿನ ಮೇಲೆ ಅದು ಬಡಿಯುವ ಸದ್ದಿಗೆ ಫೋನು ಬಂದರೂ ಕೇಳುತ್ತಿರಲಿಲ್ಲ. ಹಾಗೆ ಕೇಳದೆ ಉಳಿದ ಒಂದು ಮೆಸೇಜನ್ನು ಊಟದ ಬಿಡುವಿನಲ್ಲಿ ನೋಡಿದೆ. ವಿನ್ಯಾನದು: "ಗಾಡಿ ರೆಡಿ ಆದ್ರ ನೀನ ಇಟ್ಕೊ ಸಂತ್ಯಾ. ನನ್ನ ಕೈಯಾಗ ಕೊಡಬ್ಯಾಡ. ನಾ ಅದಕ್ಕ ಲಾಯಕ್ಕಿಲ್ಲ."

ಸಿಟ್ಟಿನಿಂದ ಕಣ್ಣು ಕತ್ತಲಾಯಿತು. ಯಾರ ಮೇಲೆ ಎಂದು ಕೇಳಬೇಡಿ. ಮೊದಲು ಅವನ ಮೇಲೆಯೇ. ಇವನಿಗೆ ಒಂದು ಸಲವಾದರೂ ಸಂಶಯ ಬರಬಾರದೇ? ಪಿಸ್ಟನ್ ತೋರಿಸು ಎಂದು ಕೇಳಬಾರದೇ? ಬೆಂಚಿನ ಮೇಲೆ ಚಹಾದಲ್ಲಿ ಗೆರೆ ಎಳೆದು ಕಲಿಸಿದ್ದೆನಲ್ಲ! ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮುಲುಂಡಿಗೆ ಹೋದೆ.

ಅವನು ಹೊರಕೋಣೆಯಲ್ಲಿ ಗೋಡೆಗೆ ಬೆರಳು ಹಚ್ಚಿ ಮೇಲಕ್ಕೆ ಏರಿಸುವ ವ್ಯಾಯಾಮ ಮಾಡುತ್ತಿದ್ದ. ಭುಜದ ಮಟ್ಟಕ್ಕೆ ಬಂದು ಬೆರಳು ನಿಲ್ಲುತ್ತಿತ್ತು. ಒಳಗೆ ಕಾಕು ರೊಟ್ಟಿ ಬಡಿಯುತ್ತಿದ್ದರು. ನಾನು ಲ್ಯಾಪ್‌ಟಾಪು ತೆರೆದು ಅವನ ಮುಂದಿಟ್ಟೆ.

ಅವನು ಕೂತು ಗ್ರಾಫ್ ನೋಡಿದ. ಬಹಳ ಹೊತ್ತು ಬೇಕಾಗಲಿಲ್ಲ. ನಾನು ಚೆನ್ನಾಗಿಯೇ ಕಲಿಸಿದ್ದೆ.

"ಹದಿನೈದೂ ಮುಕ್ಕಾಲ? ಪೂರ್ತಿ ಎಳದಾಗ?"

"ಹೂಂ."

"ಹಂಗಾರ ಆಯಿಲ್ ಅಲ್ಲ ಅದು." ಅವನ ಮುಖ ಒಮ್ಮೆಲೇ ಸಡಿಲವಾಯಿತು, ಎರಡು ತಿಂಗಳಿಂದ ಬಿಗಿದಿದ್ದು ಬಿಚ್ಚಿದ ಹಾಗೆ. "ನಾ ಅಲ್ಲಲೇ ಸಂತ್ಯಾ! ನಾ ಅಲ್ಲ!"

ಆಮೇಲೆ ಪರದೆಯತ್ತ ಬಗ್ಗಿದ. ಅಂಕಿಯನ್ನು ಮತ್ತೆ ನೋಡಿದ. "ಆದ್ರ ಪೆಟ್ರೋಲ್ ಕಡಿಮಿ ಹೆಂಗಾತು?"

ಹೇಳಿದೆ. ಶುಕ್ರವಾರ ಮಾಸ್ಟರ್ ಕಡಿದದ್ದು, ಪಿಯುಸಿ ಪಾಸಾದದ್ದು, ಶನಿವಾರ ಶಟರ್ ಮುಚ್ಚಿದ್ದು.

"ಭಾನುವಾರ ನನಗ ಹೇಳೂದು ಮರತಿ."

ತಪ್ಪಿಸಿಕೊಳ್ಳುವ ಬಾಗಿಲು ಅವನೇ ತೆರೆದು ಕೊಟ್ಟಿದ್ದ. ಹೌದು ಅಂದರೆ ಸಾಕಿತ್ತು.

"ಮರೀಲಿಲ್ಲ," ಎಂದೆ. "ನಿನ್ನ ಸೈಲೆನ್ಸರಿಂದ ಗಾಡಿ ಕೆಟ್ಟೈತಿ ಅಂತ ನಿನಗ ಅನ್ನಿಸ್ಲಿ ಅಂತ ಹೇಳಲಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ವಿನ್ಯಾ ಕೂಗಲಿಲ್ಲ. ಅವನ ಧ್ವನಿ ಕೆಳಗಿಳಿಯಿತು, ಅದು ಇನ್ನೂ ಕೆಟ್ಟದಾಗಿತ್ತು. "ಈ ಗ್ರಾಫ್ ನೀ ಯಾವಾಗ ನೋಡಿದಿ?"

"ಇಂಜಿನ್ ಬಿಚ್ಚಿದ ವಾರ."

"ಅಂದ್ರ ನಾ ನಿಮ್ಮನಿಗೆ ಬಂದಾಗ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಆಯಿಲ್ ನೋಡಬೇಕಿತ್ತಲೇ ಅಂದಿ ನೀ ನನಗ." ಎದ್ದು ನಿಂತ. ಒಳ್ಳೆಯ ಕೈ ಮುಷ್ಟಿಯಾಗಿತ್ತು. ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. "ಅವ್ವಗ ಹೇಳು. ದಿನಾ ಬೈತಾಳ ನನಗ, ಎಣ್ಣಿ ನೋಡಾಕ ಬರದಾಂವ ಲಿಫ್ಟ್ ಏನ್ ರಿಪೇರಿ ಮಾಡ್ತಿ ಅಂತ. ನೀನ ಹೇಳು. ಆಮ್ಯಾಲ ಗ್ರೂಪಿನಾಗ ಬರಿ."

ಹೇಳುವ ಅಗತ್ಯ ಇರಲಿಲ್ಲ. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈ ತುಂಬ ಹಿಟ್ಟು. ಮ್ಯಾಪು, ಗ್ರಾಫು ಅವರಿಗೆ ತಿಳಿಯಲಿಲ್ಲ. ಉಳಿದದ್ದು ತಿಳಿದಿತ್ತು.

"ಇಂವ ನಿಮ್ಮಪ್ಪನ ಮುಂದ ನಿಂತು ತಪ್ಪಾತು ಅಂದಾಗ, ನೀ ಎಲ್ಲಿದ್ದಿ?"

"ಅಲ್ಲೇ ಇದ್ನಿರಿ, ಕಾಕು."

"ಕೇಳಿದಿ?"

"ಕೇಳೀನ್ರಿ."

ಅವರು ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಬಾ, ರೊಟ್ಟಿ ಆರಾಕತ್ತಾವ," ಎಂದರು. ನನಗೆ ಹೇಳಲಿಲ್ಲ. ಆ ಮನೆಯಲ್ಲಿ ಊಟದ ಹೊತ್ತಿಗೆ ನಾನಿದ್ದು, ನನ್ನನ್ನು ಕರೆಯದೆ ಇದ್ದದ್ದು ಅದೇ ಮೊದಲು. ಅದಕ್ಕೂ ನನಗೆ ಸಿಟ್ಟೇ ಬಂತು. ಬರುವ ಹಕ್ಕಿರಲಿಲ್ಲ, ಆದರೂ ಬಂತು. ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಬಿಲ್ಡಿಂಗಿನ ಮೆಟ್ಟಿಲ ಮೇಲ್ಗಡೆ, ಮಳೆ ಒಳಗೆ ಎರಚುವಲ್ಲಿ ನಿಂತು ಗ್ರೂಪು ತೆರೆದೆ. ಮಾಸ್ಟರ್ ಏನು ಮಾಡಿದ ಎಂದು ಶುರು ಮಾಡಿದೆ, ಅಳಿಸಿದೆ. ಮತ್ತೆ ಬರೆದೆ: "ನಮ್ಮ ಬೈಕಿನ ಇಂಜಿನ್ ಹೋದದ್ದು ವಿನಾಯಕನಿಂದಲ್ಲ, ಆಯಿಲಿನಿಂದಲ್ಲ. ಪೆಟ್ರೋಲು ಕಡಿದ ಮ್ಯಾಪ್ ಹಾಗೇ ಬಿಟ್ಟು, ಗೊತ್ತಿದ್ದೂ ಹೇಳದೆ, ನಾನು ಅವನಿಗೆ ಕೊಟ್ಟೆ. ಕಡಿದವನು ಮಾಸ್ಟರ್. ಮುಚ್ಚಿಟ್ಟವರು ಇಬ್ಬರೂ." ಇದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಬರೆದೆ. ಎರಡನ್ನೂ ಕಳಿಸಿದೆ.

ಮಾಸ್ಟರ್ ಏನೋ ಬರೆಯುತ್ತಿದ್ದಾನೆ ಎಂದು ಮೇಲೆ ತೋರಿಸುತ್ತಿತ್ತು. ಅಷ್ಟರಲ್ಲಿ ನನ್ನ ಮೆಸೇಜಿನ ಕೆಳಗೆ ಒಂದು ಉತ್ತರ ಬಂತು. ಹಿಂದೆ ಮುಚ್ಚಿದ ಬಾಗಿಲಿನ ಆಚೆ, ಊಟಕ್ಕೆ ಕೂತ ವಿನ್ಯಾನದು.

"ಗ್ರಾಫೂ ಹಾಕಲೇ. ಅರ್ಧಾ ಹೇಳಬ್ಯಾಡ."

ಹಾಕಿದೆ.